ಅವರ ಪಾಲಿಗೆ ಗುಬ್ಬಿಯೇ ಪರದೇಶ

ತುಮಕೂರು ಸೀಮೆಯ ಮನೆಗಳಲ್ಲಿ ಈಗ ಫಾರಿನ್ ಎಂದರೆ ದುಬೈ, ಡಲ್ಲಾಸ್, ಮೆಲ್ಬರ್ನ್. 1839ರಲ್ಲಿ ಐರ್ಲೆಂಡಿನ ಇಪ್ಪತ್ತು ವರ್ಷದ ಹುಡುಗನೊಬ್ಬನಿಗೆ ಫಾರಿನ್ ಎಂದರೆ ಗುಬ್ಬಿ. ಹೆಸರು ವಿಲಿಯಂ ಆರ್ಥರ್. ಹುಟ್ಟಿದ್ದು ಆ್ಯಂಟ್ರಿಮ್ ಜಿಲ್ಲೆಯಲ್ಲಿ, ಪಾದ್ರಿ ಕೆಲಸಕ್ಕೆ ಓದಿದ್ದು ಲಂಡನ್ನಿನ ಹಾಕ್ಸ್‌ಟನ್‌ನಲ್ಲಿ. ಓದು ಮುಗಿಯಿತೋ ಇಲ್ಲವೋ, ವೆಸ್ಲಿಯನ್ ಮಿಷನರಿ ಸೊಸೈಟಿಯವರು ಹಡಗು ಹತ್ತಿಸಿದರು. ಸೂಯೆಜ್ ಕಾಲುವೆ ತೆರೆಯಲು ಇನ್ನೂ 30 ವರ್ಷ ಇತ್ತು. ಆಫ್ರಿಕಾದ ತುದಿಯನ್ನು ಬಳಸಿಕೊಂಡು ತಿಂಗಳುಗಟ್ಟಲೆ ತೇಲಿ ಮದ್ರಾಸಿನಲ್ಲಿ ಇಳಿಯಬೇಕು, ಅಲ್ಲಿಂದ ಘಟ್ಟ ಹತ್ತಿ ಬೆಂಗಳೂರು, ಬೆಂಗಳೂರಿನಿಂದ ತುಮಕೂರು, ಮತ್ತೆ ಸುಮಾರು 20 ಕಿಲೋಮೀಟರ್ ದಾಟಿದರೆ ಗುಬ್ಬಿ. ರೈಲು ಬಂದದ್ದು 1884ರಲ್ಲಿ. ಅಲ್ಲಿಯವರೆಗೆ ಕುದುರೆ, ಎತ್ತಿನ ಗಾಡಿ, ಇಲ್ಲವೇ ಕಾಲು.

ಬಂದವನಿಗಾಗಿ ಗುಬ್ಬಿಯಲ್ಲಿ ಕಾದಿದ್ದದ್ದು ಗೋಪುರದ ಚರ್ಚೂ ಅಲ್ಲ, ತುಂಬಿದ ಸಭೆಯೂ ಅಲ್ಲ. ಅಲ್ಲಿ ಒಂದು ಮಿಷನ್ ಮನೆ, ಕೆಲವೇ ಜನ, ದೊಡ್ಡದೊಂದು ಸಂತೆ ಇದ್ದವು. ಆತ ಅಲ್ಲಿದ್ದದ್ದು ಹೆಚ್ಚೆಂದರೆ ಎರಡು ವರ್ಷ. 1841ರಲ್ಲಿ ಆರೋಗ್ಯ ಕೆಟ್ಟು, ಕಣ್ಣು ಮಂಜಾಗಿ ಊರಿಗೆ ವಾಪಸಾದ. ಆಮೇಲೆ ಆರು ದಶಕ ಬದುಕಿದ್ದರೂ ಗುಬ್ಬಿಯಲ್ಲಿ ಸೇವೆ ಮಾಡುವ ಯೋಗ ಮತ್ತೆ ಕೂಡಿಬರಲಿಲ್ಲ. ಆದರೂ ಗುಬ್ಬಿಯ ಚರ್ಚಿಗೆ ಇಂದಿಗೂ ಹೆಸರು ವಿಲಿಯಂ ಆರ್ಥರ್ ಸ್ಮಾರಕ ದೇವಾಲಯ. ಎರಡು ವರ್ಷ ಇದ್ದು ಹೋದವನ ಹೆಸರು ಒಂದೂರಿನಲ್ಲಿ ಇಷ್ಟು ಕಾಲ ನಿಂತದ್ದು ಹೇಗೆ ಎಂಬುದು ಒಂದು ಪ್ರಶ್ನೆ. ಆತ ಇಲ್ಲದ ಕಾಲದಲ್ಲಿ ಆ ಸಭೆಯನ್ನು ಹೊತ್ತವರು ಯಾರು ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ.

ಗುಬ್ಬಿಯಲ್ಲಿ ಮೊದಲು ಬಿಡಾರ ಹೂಡಿದ ಮಿಷನರಿ ಆರ್ಥರ್ ಅಲ್ಲ, ಥಾಮಸ್ ಹಾಡ್ಸನ್. ಅದು 1837. ವೆಸ್ಲಿಯನ್ನರು ಬೆಂಗಳೂರಿಗೆ ಬಂದು ಆಗಲೇ ಹದಿನಾರು ವರ್ಷ ಕಳೆದಿತ್ತು. 1821ರಲ್ಲಿ ಎಲೈಜಾ ಹೂಲ್ ಮತ್ತು ಜೇಮ್ಸ್ ಮೊವಾಟ್ ಎಂಬಿಬ್ಬರು ದಂಡು ಪ್ರದೇಶದಲ್ಲಿ ಕೆಲಸ ಶುರು ಮಾಡಿದ್ದರು. ಆದರೆ ಅದು ಬಹುತೇಕ ತಮಿಳಿನ ಕೆಲಸ. ಕಂಟೋನ್ಮೆಂಟಿನ ಸಿಪಾಯಿಗಳು, ಬಟ್ಲರುಗಳು, ಅಂಗಡಿಯವರು ತಮಿಳು ಆಡುತ್ತಿದ್ದರು. ಪೇಟೆ ದಾಟಿ ಮೈಸೂರು ಸೀಮೆಯ ಒಳಕ್ಕೆ ಹೋದರೆ ಕನ್ನಡ ಇಲ್ಲದೆ ಒಂದು ಹೆಜ್ಜೆಯೂ ಇಡಲಾಗದು. ಹಾಡ್ಸನ್ ದಂಡಿನ ಆಸರೆ ಬಿಟ್ಟು ಕನ್ನಡದ ನಡುಮನೆಗೇ ಬಂದ. ಮೊದಮೊದಲು ಡೇರೆಯಲ್ಲಿ ವಾಸ, ಆಮೇಲೆ ಮನೆ.

ಗುಬ್ಬಿಯೇ ಯಾಕೆ? ಉತ್ತರ ಸಂತೆಯಲ್ಲಿದೆ. 1800ರಲ್ಲಿ ಈ ದಾರಿಯಲ್ಲಿ ಹಾದುಹೋದ ಫ್ರಾನ್ಸಿಸ್ ಬುಕಾನನ್ ಗುಬ್ಬಿಯ ಪೇಟೆ, ವಾರದ ಸಂತೆ, ಅಲ್ಲಿಗೆ ಬರುವ ವರ್ತಕರು, ಮಾರಾಟವಾಗುವ ಸರಕನ್ನು ಒಂದೊಂದಾಗಿ ಬರೆದುಕೊಂಡಿದ್ದಾನೆ. ಅಡಿಕೆ, ಕೊಬ್ಬರಿಯ ವ್ಯಾಪಾರಕ್ಕೆ ಗುಬ್ಬಿ ಆಗಲೇ ಹೆಸರಾಗಿತ್ತು. ಹಳ್ಳಿಹಳ್ಳಿಗೆ ಅಲೆದರೂ ಸಿಗದಷ್ಟು ಜನ ವಾರದಲ್ಲಿ ಒಂದು ದಿನ ತಾವಾಗಿಯೇ ಒಂದೆಡೆ ಸೇರುತ್ತಾರೆ. ಉಪದೇಶ ಮಾಡುವವನಿಗೆ ಇದಕ್ಕಿಂತ ಬೇರೇನು ಬೇಕು?

ಬೇಕಾದದ್ದು ಬೇಕಾದಷ್ಟಿತ್ತು ಎಂದು ಸಂತೆ ಕಂಡವರಿಗೆ ಗೊತ್ತು. ನಮ್ಮ ಕಡೆಯ ಸಂತೆಯಲ್ಲಿ ಯಾರಾದರೂ ಗಟ್ಟಿಯಾಗಿ ಮಾತಾಡಲು ನಿಂತರೆ ಏನಾಗುತ್ತದೆ ನೋಡಿ. ಔಷಧಿ ಮಾರುವವನಾಗಲಿ, ಓಟು ಕೇಳುವವನಾಗಲಿ, ಮೊದಲು ಮಕ್ಕಳು ಸೇರುತ್ತಾರೆ. ಆಮೇಲೆ ಹೆಗಲ ಮೇಲೆ ಚೀಲ ಇಟ್ಟುಕೊಂಡ ನಾಲ್ಕು ಜನ ನಿಲ್ಲುತ್ತಾರೆ. ಅವರ ಕಿವಿ ಇತ್ತ, ಕಣ್ಣು ಮೆಣಸಿನಕಾಯಿ ರಾಶಿಯತ್ತ. ಐದು ನಿಮಿಷ ಕೇಳಿ, “ಅದ್ಸರಿ, ಇದಕ್ಕೇನಂತೀಯ?” ಎಂದು ಒಬ್ಬ ಅಡ್ಡಪ್ರಶ್ನೆ ಹಾಕುತ್ತಾನೆ. ಸುತ್ತಲಿನವರು ನಗುತ್ತಾರೆ. ಉತ್ತರ ಕೊಡುವಷ್ಟರಲ್ಲಿ ಪ್ರಶ್ನೆ ಕೇಳಿದವನು ಉಪ್ಪು ಕೊಳ್ಳಲು ಹೋಗಿರುತ್ತಾನೆ. ಲಂಡನ್ನಿನಲ್ಲಿ ದೇವತಾಶಾಸ್ತ್ರ ಓದಿ ಬಂದ ಹುಡುಗನಿಗೆ ಇದು ಬೇರೆಯದೇ ಪಾಠಶಾಲೆ ಆಗಿರಬೇಕು. ಅದೂ ವಚನ, ತತ್ವಪದ, ಹರಿಕಥೆ, ಪುರಾಣ ಕೇಳಿ ಕಿವಿ ಪಳಗಿದ ಜನ. ಲಿಂಗಾಯತ ವರ್ತಕರ ಊರು ಅದು. ದೇವರು ಒಬ್ಬನೇ ಎಂದು ಹೇಳಲು ಐರ್ಲೆಂಡಿನಿಂದ ಬರಬೇಕಾಗಿರಲಿಲ್ಲ.

ಅದಕ್ಕೇ ಈ ಮಿಷನರಿಗಳಿಗೆ ಭಾಷೆ ಮೊದಲ ಕೆಲಸವಾಯಿತು. ಬೈಬಲ್ಲು ಕನ್ನಡದಲ್ಲಿ ಆಗಲೇ ಇತ್ತು. ಬಳ್ಳಾರಿಗೆ 1810ರಲ್ಲಿ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1831ರ ಹೊತ್ತಿಗೆ ಪೂರ್ತಿ ಅನುವಾದ ಮುಗಿಸಿದ್ದ. ಅದೇ ಮಿಷನ್ನಿನ ವಿಲಿಯಂ ರೀವ್ ನಿಘಂಟು ತಂದಿದ್ದ. ಆದರೆ ಅಚ್ಚಾದ ಕನ್ನಡ ಬೇರೆ, ಸಂತೆಯ ಕನ್ನಡ ಬೇರೆ. ತಿರುಗೇಟು ಕೊಡುವಷ್ಟು ಕನ್ನಡ ಬಾರದೆ ಸಂತೆಗೆ ಹೋಗುವಂತಿಲ್ಲ. ಕಲಿಸಿದವರು ಊರಿನ ಪಂಡಿತರು, ಮುನ್ಷಿಗಳು. ಇವರ ಹೆಸರು ಚರಿತ್ರೆಯಲ್ಲಿ ಉಳಿದದ್ದು ತೀರಾ ಕಡಿಮೆ. ಪಾದ್ರಿ ಬಂದದ್ದು ಕಲಿಸಲು, ಮಾಡಿದ ಮೊದಲ ಕೆಲಸ ಕಲಿಯುವುದು. ಅದೂ ತನ್ನ ಮತಕ್ಕೆ ಸೇರದ ಒಬ್ಬರ ಮುಂದೆ ಚಾಪೆಯ ಮೇಲೆ ಕೂತು. ಮೈಸೂರು ಸೀಮೆಯ ವೆಸ್ಲಿಯನ್ ಮಿಷನ್ನಿನ ಕಥೆಯಲ್ಲಿ ನನಗೆ ಹೆಚ್ಚು ಇಷ್ಟವಾಗುವ ಭಾಗ ಇದೇ. ಹಾಡ್ಸನ್ 1859ರಲ್ಲಿ ಕನ್ನಡ ಕಲಿಯುವವರಿಗೆಂದು ವ್ಯಾಕರಣ ಬರೆದ. ಡೇನಿಯಲ್ ಸ್ಯಾಂಡರ್ಸನ್ ರೀವ್‌ನ ನಿಘಂಟನ್ನು ತಿದ್ದಿ ಹಿಗ್ಗಿಸಿ 1858ರಲ್ಲಿ ಹೊರತಂದ, ಅದಕ್ಕೂ ಮೊದಲು ಲಕ್ಷ್ಮೀಶನ ಜೈಮಿನಿ ಭಾರತವನ್ನು ಇಂಗ್ಲಿಷಿಗೆ ತರಲು ಕೈಹಾಕಿದ್ದ. ಬೆಂಗಳೂರಿನಲ್ಲಿ ಜಾನ್ ಗ್ಯಾರೆಟ್ ನೋಡಿಕೊಳ್ಳುತ್ತಿದ್ದ ವೆಸ್ಲಿಯನ್ ಮುದ್ರಣಾಲಯದಿಂದ 1846ರಲ್ಲಿ ಹೊರಬಂದದ್ದು ಏನು ಗೊತ್ತೇ? ಸಂಸ್ಕೃತ, ಕನ್ನಡ, ಇಂಗ್ಲಿಷಿನಲ್ಲಿ ಭಗವದ್ಗೀತೆ. ಯೇಸುವಿನ ಸುವಾರ್ತೆ ಹೇಳಲು ಬಂದವರು ಗೀತೆ ಅಚ್ಚು ಹಾಕುತ್ತಾ ಕೂತರು. ಕಳಿಸಿದವರಿಗೆ ಇದು ಎಷ್ಟು ಹಿಡಿಸಿತೋ. ನಮಗಂತೂ ಲಾಭವಾಯಿತು.

ಆರ್ಥರ್ ಊರಿಗೆ ಹೋಗಿ ಪುಸ್ತಕ ಬರೆದ. 1847ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ‘ಎ ಮಿಷನ್ ಟು ದಿ ಮೈಸೂರ್’ ಅರ್ಧ ಪ್ರವಾಸ ಕಥನ, ಅರ್ಧ ವಾದ. ಮದ್ರಾಸು, ಘಟ್ಟದ ದಾರಿ, ಬೆಂಗಳೂರು, ಗುಬ್ಬಿ ಕಾಣುವ ಪುಟಗಳು ಈಗಲೂ ಓದಿಸಿಕೊಳ್ಳುತ್ತವೆ. ಹೊಸ ಊರಿಗೆ ಬಂದ ಇಪ್ಪತ್ತರ ಹುಡುಗನ ಕಣ್ಣು ಅದು. ಇಲ್ಲಿನ ದೇವರು, ದೇವಸ್ಥಾನ, ಜಾತಿಯ ಮೇಲೆ ತೀರ್ಪು ಕೊಡಲು ಕೂತಾಗ ಮಾತ್ರ ಬರವಣಿಗೆ ಬಿಗಿಯಾಗುತ್ತದೆ, ಊರು ಕಾಣೆಯಾಗುತ್ತದೆ. ಎರಡು ವರ್ಷಕ್ಕೆ ಒಂದು ದೇಶದ ಧರ್ಮವನ್ನು ಅಳೆದು ಮುಗಿಸುವುದು ಆ ಕಾಲದ ಗುಣ. ಈ ಕಾಲದಲ್ಲೂ ಅದು ಪೂರ್ತಿ ಹೋಗಿಲ್ಲ. ಹತ್ತು ದಿನ ಯುರೋಪು ಸುತ್ತಿ ಬಂದು ಅಲ್ಲಿನವರಿಗೆ ಕುಟುಂಬವೇ ಇಲ್ಲ ಎಂದು ಬರೆಯುವ ನಮ್ಮವರಿಗೂ ಈ ಮಾತು ಸಲ್ಲುತ್ತದೆ.

ಆ ಪುಸ್ತಕದ ಓದುಗರು ಗುಬ್ಬಿಯವರಲ್ಲ ಎನ್ನುವುದನ್ನು ನೆನಪಿಡಬೇಕು. ಬ್ರಿಟನ್ನಿನ ಸಭೆಗಳಲ್ಲಿ ಭಾನುವಾರ ಕಾಣಿಕೆ ತಟ್ಟೆಗೆ ಪೆನ್ನಿ ಹಾಕುವವರು ಅದನ್ನು ಓದಿದರು. ಪರದೇಶದ ಸಣ್ಣ ಸಭೆಯನ್ನು ನಡೆಸುವ ಪಾದ್ರಿಗೆ ಯಾವಾಗಲೂ ಎರಡು ಸಭೆ ಇರುತ್ತವೆ. ಎದುರಿಗೆ ಕೂತಿರುವುದು ಒಂದು, ಕಾಗದದ ದಾರಿ ಕಾಯುತ್ತಿರುವುದು ಇನ್ನೊಂದು. ಎದುರಿನ ಸಭೆ ಹತ್ತಿಪ್ಪತ್ತು ಜನರದ್ದು, ನಿಧಾನವಾಗಿ ಬೆಳೆಯುವಂಥದ್ದು, ಒಮ್ಮೊಮ್ಮೆ ಕರಗುವಂಥದ್ದು. ಕಾಗದದ ಸಭೆಗೆ ಪ್ರತಿ ಮೂರು ತಿಂಗಳಿಗೆ ಏನಾದರೂ ಒಳ್ಳೆಯ ಸುದ್ದಿ ಬೇಕು. ಇವೆರಡರ ನಡುವೆ ಸಿಕ್ಕಿಕೊಂಡು ಎಷ್ಟೋ ವರದಿಗಳು ಉಬ್ಬಿದವು. ಮಿಷನರಿ ಬರಹಗಳನ್ನು ಓದುವಾಗ ನಾನು ಇದಕ್ಕೆ ಸ್ವಲ್ಪ ಬಿಟ್ಟುಕೊಟ್ಟೇ ಓದುತ್ತೇನೆ.

ಇದಕ್ಕೆ ತದ್ವಿರುದ್ಧವಾದ ಒಂದು ಪತ್ರ ಆಗಲೇ ಯುರೋಪಿನಲ್ಲಿ ಗದ್ದಲ ಎಬ್ಬಿಸಿತ್ತು. 1792ರಿಂದ ಮೂರು ದಶಕ ಇಲ್ಲಿದ್ದ, ಶ್ರೀರಂಗಪಟ್ಟಣ, ಮೈಸೂರಿನ ಸುತ್ತ ಕೆಲಸ ಮಾಡಿದ ಫ್ರೆಂಚ್ ಪಾದ್ರಿ ದ್ಯುಬುವಾ 1823ರಲ್ಲಿ ಊರಿಗೆ ಮರಳಿ, ಈ ದೇಶವನ್ನು ಕ್ರೈಸ್ತವಾಗಿಸುವುದು ಆಗದ ಮಾತು ಎಂದು ನೇರವಾಗಿ ಬರೆದುಬಿಟ್ಟಿದ್ದ. ಅವನು ಇಲ್ಲಿನವರಂತೆ ಬಟ್ಟೆ ಉಟ್ಟು, ಇಲ್ಲಿನ ಊಟ ಉಂಡು ಬದುಕಿದವನು. ಹಾಗಾಗಿ ಅವನ ನಿರಾಸೆಗೆ ಒಂದು ತೂಕವಿತ್ತು. ಹಾಡ್ಸನ್, ಆರ್ಥರ್ ಗುಬ್ಬಿಗೆ ಬಂದದ್ದು ಆ ಮಾತು ಇನ್ನೂ ಆರದ ಹೊತ್ತಿನಲ್ಲಿ.

ಹಾಡ್ಸನ್ ದ್ಯುಬುವಾನಂತೆ ಕೈಚೆಲ್ಲಲಿಲ್ಲ, ಆರ್ಥರನಂತೆ ಕಾಯಿಲೆ ಬಿದ್ದು ಹೋಗಲೂ ಇಲ್ಲ. ನಡುವೆ ಊರಿಗೆ ಹೋಗಿ ಬಂದರೂ ಮೈಸೂರು ಸೀಮೆಯಲ್ಲಿ ದಶಕಗಳನ್ನು ಕಳೆದ. ಮುಪ್ಪಿನಲ್ಲಿ, 1877ರಲ್ಲಿ ಒಂದು ಪುಸ್ತಕ ಬರೆದ. ‘ಓಲ್ಡ್ ಡೇನಿಯಲ್’ ಎಂದು ಹೆಸರು. ಅದು ತನ್ನ ಕಥೆಯಲ್ಲ. ಗುಬ್ಬಿ ಕಡೆಯ ಮೊದಮೊದಲ ಕ್ರೈಸ್ತರಲ್ಲಿ ಒಬ್ಬನಾದ ಡೇನಿಯಲ್ ಎಂಬ ಹಳ್ಳಿಗನ ಬಾಳು, ಜೊತೆಗೆ ಗುಬ್ಬಿ ಸರ್ಕ್ಯೂಟಿನ ಕೆಲಸ, ಹಳ್ಳಿಯ ದಿನಚರಿ. ಆರ್ಥರನ ಪುಸ್ತಕಕ್ಕೆ ಸಿಕ್ಕ ಹೆಸರು ಇದಕ್ಕೆ ಸಿಗಲಿಲ್ಲ. ನನ್ನನ್ನು ಕೇಳಿದರೆ ಇದೇ ಹೆಚ್ಚು ಬೆಲೆಯುಳ್ಳದ್ದು. ಯಾಕೆಂದರೆ ಬಂದವನು ಬದಿಗೆ ಸರಿದು ಇದ್ದವನನ್ನು ಮುಂದೆ ಕೂರಿಸಿದ ಪುಸ್ತಕ ಇದು.

ಇದ್ದವನು ಕಳೆದುಕೊಂಡದ್ದೇನು ಎಂದು ಲೆಕ್ಕ ಹಾಕಿ. ಆರ್ಥರ್ ಎರಡು ವರ್ಷದಲ್ಲಿ ಆರೋಗ್ಯ ಕಳೆದುಕೊಂಡ, ನಿಜ. ಆದರೆ ಹಿಂತಿರುಗಿ ಹೋಗಲು ಅವನಿಗೆ ಒಂದು ಊರಿತ್ತು, ಅಲ್ಲಿ ಗೌರವವಿತ್ತು. ಹಳ್ಳಿಯಲ್ಲಿ ದೀಕ್ಷಾಸ್ನಾನ ತೆಗೆದುಕೊಂಡವನಿಗೆ ಸೇದುವ ಬಾವಿ ಮುಚ್ಚಿತು, ನೆಂಟರ ಹೊಸಿಲು ಮುಚ್ಚಿತು, ಮಗಳಿಗೆ ಗಂಡು ಸಿಗುವುದು ಕಷ್ಟವಾಯಿತು. ಮತ ಬದಲಿಸಿದವರ ಆಸ್ತಿ ಹಕ್ಕು ಹೋಗಬಾರದೆಂದು ಬ್ರಿಟಿಷ್ ಇಂಡಿಯಾದಲ್ಲಿ 1850ರಲ್ಲೇ ಕಾಯ್ದೆ ಬಂತು. ಮೈಸೂರು ಸಂಸ್ಥಾನದಲ್ಲಿ ಆ ರಕ್ಷಣೆ ತೀರಾ ತಡವಾಗಿ ಸಿಕ್ಕಿತು. ಹಾಗಾಗಿ ಗುಬ್ಬಿ, ಕುಣಿಗಲ್ ಕಡೆ ಒಬ್ಬ ರೈತ ಕ್ರೈಸ್ತನಾಗುವುದೆಂದರೆ ಹೊಲವನ್ನೂ ಪಣಕ್ಕಿಟ್ಟಂತೆ. ಇಂಥವರ ನಡುವೆ ಪಾದ್ರಿಯ ಕೆಲಸ ಭಾನುವಾರದ ಪ್ರಸಂಗಕ್ಕೆ ಮುಗಿಯುವುದಲ್ಲ. ಕೂಲಿ ಹುಡುಕಿಕೊಡಬೇಕು, ಜಗಳ ಬಿಡಿಸಬೇಕು, ಅರ್ಜಿ ಬರೆದುಕೊಡಬೇಕು, ಹೆಣ ಹೂಳಲು ಜಾಗ ಕೇಳಬೇಕು. ಪರದೇಶದಿಂದ ಬಂದ ದೊರೆ ಮೈಬಣ್ಣದಿಂದಲೇ ಅಮಲ್ದಾರರ ಕಚೇರಿಯಲ್ಲಿ ಕುರ್ಚಿ ಪಡೆಯುತ್ತಿದ್ದ. ಮಿಷನ್ನಿಗೆ ಸಿಕ್ಕ ಬಲವೂ ಅದೇ, ಅಂಟಿದ ಕಳಂಕವೂ ಅದೇ. ಬೇಕಾದದ್ದು ದೇವರೋ ಕುರ್ಚಿಯೋ ಎಂದು ಊರಿನವರು ಕೇಳಿದ್ದರಲ್ಲಿ ತಪ್ಪೇನಿಲ್ಲ.

ಕುಣಿಗಲ್ಲಿನ ಕಥೆ ಗುಬ್ಬಿಯಷ್ಟು ದೊಡ್ಡದಲ್ಲ. ಹಳೆಯ ವೆಸ್ಲಿಯನ್ ಬರಹಗಳಲ್ಲಿ ಅದು ಗುಬ್ಬಿ, ತುಮಕೂರಿನ ಜೊತೆಗೇ ಬರುತ್ತದೆ. ಮೂರೂ ಊರು ಒಂದು ಸುತ್ತು. ತುಮಕೂರಿನಿಂದ ದಕ್ಷಿಣಕ್ಕೆ 36 ಕಿಲೋಮೀಟರ್, ದೊಡ್ಡ ಕೆರೆ, ಟಿಪ್ಪುವಿನ ಕಾಲದಿಂದ ಹೆಸರಾದ ಕುದುರೆ ಫಾರಂ. ಅಷ್ಟು ಒಳ್ಳೆಯ ತಳಿಯ ಕುದುರೆಗಳ ಊರಿಗೆ ಪಾದ್ರಿಗಳು ಯಾವ ಬಡಕಲು ಕುದುರೆ ಏರಿ ಬರುತ್ತಿದ್ದರೋ ಎಂದು ಆ ಫಾರಂ ಪಕ್ಕ ಬಸ್ಸಿನಲ್ಲಿ ಹೋಗುವಾಗಲೆಲ್ಲ ಅಂದುಕೊಳ್ಳುತ್ತೇನೆ.

ಸುತ್ತು ಎಂದೆ. ವೆಸ್ಲಿಯನ್ನರು ಎಂದರೆ ಮೆಥಡಿಸ್ಟರು, ಅವರ ಗುಟ್ಟೆಲ್ಲ ಅದರಲ್ಲೇ ಇದೆ. ಜಾನ್ ವೆಸ್ಲಿ ಇಂಗ್ಲೆಂಡಿನಲ್ಲಿ ಹಾಕಿಕೊಟ್ಟ ಕ್ರಮ ಹೀಗೆ: ಪ್ರಸಂಗಿ ಒಂದೂರಿನಲ್ಲಿ ಬೇರು ಬಿಡಬಾರದು. ಹಲವು ಊರುಗಳನ್ನು ಸೇರಿಸಿ ಒಂದು ಸರ್ಕ್ಯೂಟ್. ಒಬ್ಬ ಪಾದ್ರಿ ಅವುಗಳನ್ನೆಲ್ಲ ಸುತ್ತುತ್ತಿರಬೇಕು. ಮೂರು ವರ್ಷ ಮೀರುವ ಮೊದಲೇ ಅವನಿಗೆ ಬೇರೆ ಸರ್ಕ್ಯೂಟಿಗೆ ವರ್ಗ. ಅಂದರೆ ಗಡಿ ದಾಟಿ ಬಂದವನಷ್ಟೇ ಅಲ್ಲ, ಪ್ರತಿಯೊಬ್ಬ ಮೆಥಡಿಸ್ಟ್ ಪಾದ್ರಿಯೂ ತನ್ನ ಸಭೆಯಲ್ಲಿ ಅತಿಥಿಯೇ. ಪಾದ್ರಿ ಇಲ್ಲದ ಭಾನುವಾರಗಳೇ ಹೆಚ್ಚು. ಆಗ ಆರಾಧನೆ ನಡೆಸುವವರು ಯಾರು? ಊರಿನ ಉಪದೇಶಿ, ಶಾಲೆಯ ಮೇಷ್ಟ್ರು, ಮನೆಮನೆಗೆ ಹೋಗಿ ಹೆಂಗಸರಿಗೆ ಓದಿ ಹೇಳುತ್ತಿದ್ದ ಬೈಬಲ್ ವುಮನ್. ಆಕೆಯನ್ನು ಈಗಲೂ ಹಳಬರು ಬೈಬಲಮ್ಮ ಎನ್ನುವುದುಂಟು. ಇವರ ಸಂಬಳ ಅಲ್ಪ, ಹೆಸರು ವರದಿಯ ಕೊನೆಯಲ್ಲಿ. ಪಾದ್ರಿಯ ವರ್ಗವಾದರೂ ಇವರು ಅಲ್ಲೇ ಉಳಿದರು. ಹೊಸ ಪಾದ್ರಿ ಬಂದಾಗ ಯಾವ ಮನೆಯಲ್ಲಿ ಕಾಯಿಲೆ, ಯಾರಿಗೂ ಯಾರಿಗೂ ಮಾತಿಲ್ಲ, ಯಾವ ಕೇರಿಗೆ ಮೊದಲು ಹೋದರೆ ಇನ್ನೊಂದು ಕೇರಿಗೆ ಸಿಟ್ಟು ಬರುತ್ತದೆ ಎಂದು ಹೇಳಿಕೊಟ್ಟವರು ಇವರೇ.

ಸಭೆಯ ಆಕಾರವನ್ನೇ ಬದಲಿಸಿದ್ದು ಪ್ರಸಂಗಗಳಲ್ಲ, ಬರ. ಧಾತು, ಈಶ್ವರ ಸಂವತ್ಸರಗಳ ಬರ, 1876ರಿಂದ 78. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷ ದಾಟಿತ್ತು, 1881ರಲ್ಲಿ ಎಣಿಸಿದಾಗ 42 ಲಕ್ಷವೂ ಇರಲಿಲ್ಲ. ಬೀದಿಗೆ ಬಿದ್ದ ಮಕ್ಕಳಿಗೆ ಲೆಕ್ಕವಿಲ್ಲ. ವೆಸ್ಲಿಯನ್ನರು ಗಂಡು ಮಕ್ಕಳ ಅನಾಥಾಲಯವನ್ನು ತುಮಕೂರಿನಲ್ಲೂ ಹೆಣ್ಣು ಮಕ್ಕಳದ್ದನ್ನು ಹಾಸನದಲ್ಲೂ ನಡೆಸಿದರು. ಹುಡುಗರಿಗೆ ಅಕ್ಷರದ ಜೊತೆ ಕೈಕಸುಬನ್ನೂ ಕಲಿಸಿದರು. ಬರ ನೀಗಿದ ಮೇಲೆ ಈ ಮಕ್ಕಳಿಗೆ ಹೋಗಲು ಮನೆ ಇರಲಿಲ್ಲ. ಬೆಳೆದು, ಮದುವೆಯಾಗಿ, ಬಡಗಿಗಳಾಗಿ, ಮೇಷ್ಟ್ರಾಗಿ, ಉಪದೇಶಿಗಳಾಗಿ ಇದೇ ಸೀಮೆಯಲ್ಲಿ ನೆಲೆಸಿದರು. ಹಸಿದ ಮಗುವಿಗೆ ಗಂಜಿ ಕೊಟ್ಟು ಮತ ಕೊಟ್ಟರು ಎಂಬ ಆಕ್ಷೇಪ ಹಳೆಯದು, ಅದರಲ್ಲಿ ಹುರುಳಿಲ್ಲ ಎಂದು ತಳ್ಳಿಹಾಕುವಂತಿಲ್ಲ. ಆ ಹೊತ್ತಿನಲ್ಲಿ ಗಂಜಿ ಕೊಡಲು ಇನ್ನೆಷ್ಟು ಜನ ಬಂದರು ಎಂಬ ಮರುಪ್ರಶ್ನೆಯೂ ಅಷ್ಟೇ ಹಳೆಯದು. ಬದುಕಿ ಉಳಿದವರ ಮೊಮ್ಮಕ್ಕಳು ಎರಡನ್ನೂ ಕೇಳಿಸಿಕೊಂಡು ಸುಮ್ಮನೆ ಕೆಲಸಕ್ಕೆ ಹೋಗುತ್ತಾರೆ.

ಪಾದ್ರಿಗಳನ್ನು ಹಡಗಿನಲ್ಲಿ ತರಿಸುವ ಬದಲು ಇಲ್ಲೇ ತಯಾರು ಮಾಡಬೇಕು ಎಂಬ ತಿಳಿವಳಿಕೆ ಮೂಡಿದ್ದೂ ತುಮಕೂರಿಗೆ ಸಂಬಂಧಿಸಿದ್ದೇ. ಇಪ್ಪತ್ತನೇ ಶತಮಾನದಲ್ಲಿ ಬೇರೆ ಬೇರೆ ಮಿಷನ್ನುಗಳವರು ಕೂಡಿ ಇಲ್ಲಿ ಯೂನಿಯನ್ ಕ್ಯಾನರೀಸ್ ಸೆಮಿನರಿ ನಡೆಸಿದರು. ಕನ್ನಡದಲ್ಲೇ ದೇವತಾಶಾಸ್ತ್ರ, ಕನ್ನಡದಲ್ಲೇ ಪ್ರಸಂಗದ ಅಭ್ಯಾಸ. 1965ರಲ್ಲಿ ಅದು ಮಂಗಳೂರಿನ ಬಾಸೆಲ್ ಮಿಷನ್ ಸೆಮಿನರಿಯ ಜೊತೆ ಸೇರಿ ಕರ್ನಾಟಕ ತಿಯಲಾಜಿಕಲ್ ಕಾಲೇಜಾಯಿತು. ಹಳೇ ಮೈಸೂರಿನ ಎಷ್ಟೋ ಸಭೆಗಳ ಹಿರಿಯ ಪಾದ್ರಿಗಳು ತುಮಕೂರಿನ ನೀರು ಕುಡಿದು ತಯಾರಾದವರು.

1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಇಂಡಿಯಾ ಸಭೆ, ಜನರ ಬಾಯಲ್ಲಿ ಸಿಎಸ್‌ಐ, ಹುಟ್ಟಿತು. ಮೆಥಡಿಸ್ಟರು, ಆ್ಯಂಗ್ಲಿಕನ್ನರು, ಅದಕ್ಕೂ ಮೊದಲೇ ಒಂದಾಗಿದ್ದ ದಕ್ಷಿಣ ಭಾರತ ಐಕ್ಯ ಸಭೆಯವರು ಎಲ್ಲ ಒಂದೇ ಸೂರಿನಡಿ. ಸ್ವಾತಂತ್ರ್ಯ ಬಂದು ಆರು ವಾರವಾಗಿತ್ತು ಅಷ್ಟೆ. ಮೈಸೂರು ಧರ್ಮಪ್ರಾಂತ್ಯಕ್ಕೆ ಮೊದಲ ಬಿಷಪ್ ಆದವರು ಕನ್ನಡಿಗರೇ, ಪಿ. ಗುರುಶಾಂತ. ಹೆಸರಿನಲ್ಲೇ ಲಿಂಗಾಯತ ಛಾಯೆ ಇದೆ. ಹಾಡ್ಸನ್ ಡೇರೆ ಹಾಕಿದ 110 ವರ್ಷಕ್ಕೆ ವ್ಯವಹಾರ ತಿರುವುಮುರುವಾಯಿತು. ಇನ್ನು ಬ್ರಿಟನ್ನಿನಿಂದ ಬರುವ ಪಾದ್ರಿ ಇಲ್ಲಿನ ಬಿಷಪ್ಪರ ಕೈಕೆಳಗೆ ಕೆಲಸ ಮಾಡಬೇಕು, ಅವರು ಕಳಿಸಿದಲ್ಲಿಗೆ ಹೋಗಬೇಕು. ಗುರುಶಾಂತರ ನಂತರ 1951ರಲ್ಲಿ ಬಿಷಪ್ ಆದ ನಾರ್ಮನ್ ಸಾರ್ಜೆಂಟ್ ಇಂಗ್ಲೆಂಡಿನವರಾದರೂ ಕನ್ನಡ ನಾಡಿನಲ್ಲೇ ಪಳಗಿದವರು. ಅವರು 1963ರಲ್ಲಿ ಲಿಂಗಾಯತರ ಧರ್ಮದ ಬಗ್ಗೆ ಪುಸ್ತಕ ಬರೆದರು. ಆರ್ಥರನ ಪುಸ್ತಕದ ಪಕ್ಕ ಇದನ್ನಿಟ್ಟು ನೋಡಬೇಕು. ತೀರ್ಪು ಕೊಡುವ ಅವಸರ ಕಡಿಮೆಯಾಗಿ, ಕೇಳಿ ತಿಳಿಯುವ ತಾಳ್ಮೆ ಹೆಚ್ಚಿದೆ. ನೂರು ಚಿಲ್ಲರೆ ವರ್ಷ ಬೇಕಾಯಿತು ಅಷ್ಟಕ್ಕೆ.

ಆರ್ಥರನ ಮುಂದಿನ ಬದುಕನ್ನು ಎರಡು ಮಾತಿನಲ್ಲಿ ಮುಗಿಸಬಹುದು. ಮಿಷನರಿ ಸೊಸೈಟಿಯ ಕಾರ್ಯದರ್ಶಿಯಾದ, 1866ರಲ್ಲಿ ವೆಸ್ಲಿಯನ್ ಕಾನ್ಫರೆನ್ಸಿನ ಅಧ್ಯಕ್ಷನಾದ, ಬೆಲ್‌ಫಾಸ್ಟಿನ ಮೆಥಡಿಸ್ಟ್ ಕಾಲೇಜಿನ ಪ್ರಾಂಶುಪಾಲನಾದ. 1856ರಲ್ಲಿ ಬರೆದ ‘ದಿ ಟಂಗ್ ಆಫ್ ಫೈರ್’ ಎಂಬ ಭಕ್ತಿಗ್ರಂಥ ಜಗತ್ತಿನ ಮೆಥಡಿಸ್ಟರ ಮನೆಮನೆ ಸೇರಿತು. 1901ರಲ್ಲಿ ಫ್ರಾನ್ಸಿನ ಕಾನ್‌ನಲ್ಲಿ ತೀರಿಕೊಂಡ. ಮರುವರ್ಷ ಅವನ ಮೈಸೂರು ಪುಸ್ತಕ ಹೆನ್ರಿ ಹೇಗ್ ಸಂಪಾದಕತ್ವದಲ್ಲಿ ಮತ್ತೆ ಅಚ್ಚಾಯಿತು. ಮೈಸೂರಿನಿಂದ ‘ವೃತ್ತಾಂತ ಪತ್ರಿಕೆ’ ಎಂಬ ಕನ್ನಡ ವಾರಪತ್ರಿಕೆ ಹೊರಡಿಸಿದ ಹೇಗ್ ಇವರೇ. ಗುಬ್ಬಿಯ ದೇವಾಲಯಕ್ಕೆ ಆರ್ಥರನ ಹೆಸರು ಬಂತು. ದೊಡ್ಡವನಾದ ಮೇಲೆ ಹುಟ್ಟಿದ ಊರಿನವರು ಹೆಸರು ಹಿಡಿದು ಹೇಳಿಕೊಳ್ಳುವುದು ಸಹಜ. ಗುಬ್ಬಿ ಅವನ ಪಾಲಿಗೆ ಹುಟ್ಟೂರಲ್ಲ, ಸೋತು ಹೋದ ಊರು. ಹೆಸರು ಇಡಬೇಕಿದ್ದರೆ ಡೇನಿಯಲ್‌ನದ್ದೇ ಇಡಬಹುದಿತ್ತು ಎಂದು ನನಗೆ ಅನ್ನಿಸುತ್ತದೆ. ಕಟ್ಟಡಕ್ಕೆ ಚಂದಾ ಎತ್ತುವವರ ಕಷ್ಟ ಬೇರೆ ಇರುತ್ತದೆ.

ಈಗಿನ ಸಭಾಪಾಲಕರನ್ನು ಇಲ್ಲಿನವರು ಅಯ್ಯನವರು ಎನ್ನುತ್ತಾರೆ. ಸುತ್ತು ಮಾತ್ರ ಹೋಗಿಲ್ಲ. ಒಬ್ಬ ಅಯ್ಯನವರಿಗೆ ಪಟ್ಟಣದ ಒಂದು ಸಭೆ, ಜೊತೆಗೆ ಹಳ್ಳಿಗಳಲ್ಲಿ ಎರಡು ಮೂರು. ಬೆಳಿಗ್ಗೆ ಇಲ್ಲಿ ಆರಾಧನೆ ಮುಗಿಸಿ, ಬೈಕಿನ ಡಿಕ್ಕಿಯಲ್ಲಿ ನಿಲುವಂಗಿ ಮಡಿಸಿಟ್ಟುಕೊಂಡು, ಹತ್ತೂವರೆಗೆ ಇನ್ನೊಂದು ಕಡೆ ಹಾಜರು. ಕೆಲವು ವರ್ಷಕ್ಕೊಮ್ಮೆ ಬಿಷಪ್ಪರ ಕಚೇರಿಯಿಂದ ವರ್ಗಾವಣೆ ಪಟ್ಟಿ ಬಂದಾಗ ಮಕ್ಕಳ ಸ್ಕೂಲಿನ ಟಿಸಿ ತೆಗೆಸುವ ಓಡಾಟ. ಹಳ್ಳಿಯ ಸಭೆಯ ಸುಗ್ಗಿ ಹಬ್ಬಕ್ಕೆ ಒಮ್ಮೆ ಹೋಗಿದ್ದೆ. ಆರಾಧನೆ ಮುಗಿದದ್ದೇ ಹರಾಜು ಶುರು. ರಾಗಿ ಮೂಟೆ, ತೆಂಗಿನಕಾಯಿ, ಬೂದುಗುಂಬಳ, ಕಾಲು ಕಟ್ಟಿದ ಹುಂಜ, ಯಾರೋ ಮಾಡಿ ತಂದ ಕಜ್ಜಾಯದ ಡಬ್ಬ, ಎಲ್ಲ ಒಂದೇ ಮೇಜಿನ ಮೇಲೆ. ಹರಾಜು ಕೂಗುತ್ತಿದ್ದ ನಿವೃತ್ತ ಮೇಷ್ಟ್ರು ಒಂದು ಬಾಳೆಗೊನೆ ಎತ್ತಿ ಹಿಡಿದು, “ಅಯ್ಯನೋರ್ ಪ್ರಸಂಗ್ದಷ್ಟು ಉದ್ದ ಇಲ್ಲ, ಆದ್ರೆ ಸಿಹಿ ಇದೆ” ಎಂದರು. ಎಲ್ಲರಿಗಿಂತ ಮೊದಲು ನಕ್ಕವರು ಅಯ್ಯನವರೇ. ನೂರೈವತ್ತಕ್ಕೆ ಹೋಗಬೇಕಾದ ಗೊನೆ ಸಾವಿರದ ಇನ್ನೂರಕ್ಕೆ ಹೋಯಿತು. ಕೊಂಡವನು ಅದನ್ನು ಮತ್ತೆ ಮೇಜಿನ ಮೇಲಿಟ್ಟ. ಇನ್ನೊಮ್ಮೆ ಹರಾಜು. ಸಂಜೆಯ ಹೊತ್ತಿಗೆ ಸಭೆಯ ಒಂದು ವರ್ಷದ ಖರ್ಚಿನ ದೊಡ್ಡ ಪಾಲು ಹುಟ್ಟಿತ್ತು. ಲಂಡನ್ನಿನ ಪೆನ್ನಿಯ ದಾರಿ ಕಾಯುವ ಕಾಲ ಹೋಗಿ ಎಷ್ಟೋ ಆಯಿತು.

ಪಾದ್ರಿಗಳೂ ಈಗ ಇಲ್ಲಿಂದಲೇ ಹೊರಕ್ಕೆ ಹೋಗುತ್ತಾರೆ. ಗಲ್ಫ್ ದೇಶಗಳಲ್ಲಿ ಸಿಎಸ್‌ಐ ಸಭೆಗಳಿವೆ, ಪಾದ್ರಿಗಳನ್ನು ದಕ್ಷಿಣ ಭಾರತದ ಧರ್ಮಪ್ರಾಂತ್ಯಗಳು ಕಳಿಸಿಕೊಡುತ್ತವೆ. ದುಬೈನಲ್ಲಿ ಸರ್ಕಾರ ಕೊಟ್ಟ ಜಾಗದಲ್ಲಿರುವ ಹೋಲಿ ಟ್ರಿನಿಟಿ ಚರ್ಚಿನ ಆವರಣವನ್ನು ಹತ್ತಾರು ಭಾಷೆಯ ಸಭೆಗಳು ಹೊತ್ತು ಹಂಚಿಕೊಂಡು ಬಳಸುತ್ತವೆ. ಒಂದು ಸಭೆ ಕೊನೆಯ ಗೀತೆ ಹಾಡುತ್ತಿರುವಾಗಲೇ ಮುಂದಿನ ಸಭೆ ಬಾಗಿಲಲ್ಲಿ ನಿಂತಿರುತ್ತದೆ. ಶುಕ್ರವಾರ ರಜೆ ಇರುವ ದೇಶಗಳಲ್ಲಿ ಕರ್ತನ ದಿನ ಶುಕ್ರವಾರಕ್ಕೇ ಬರುತ್ತದೆ.

ತುಮಕೂರು ಕಡೆಯ ಒಬ್ಬ ಅಯ್ಯನವರು, ನನಗೆ ಬಹಳ ಕಾಲದ ಪರಿಚಯ, ಗಲ್ಫಿನ ಒಂದು ಪುಟ್ಟ ಕನ್ನಡ ಕೂಟಕ್ಕೆ ಕೆಲವು ತಿಂಗಳು ಹೋಗಿ ಬಂದರು. ಆರ್ಥರನ ಕಥೆ ಹೇಳಿ, ನಿಮಗೂ ಅವನ ಹಾಗೇ ಪರದೇಶ ಅನ್ನಿಸಿತಾ ಎಂದು ಕೇಳಿದೆ. “ಅವ್ರಿಗೆ ಭಾಷೆ ಬರ್ತಿರ್ಲಿಲ್ಲ, ನಂಗೆ ಊರು ಬರ್ತಿರ್ಲಿಲ್ಲ” ಎಂದರು. ಪ್ರಸಂಗ ಅಲ್ಲಿ ಸುಲಭದ ಕೆಲಸವಂತೆ. ಕೂಟಕ್ಕೆ ಬರುವವರು ನರ್ಸುಗಳು, ಡ್ರೈವರುಗಳು, ಎಸಿ ಮೆಕ್ಯಾನಿಕ್ಕುಗಳು, ಮನೆಗೆಲಸದ ಹೆಂಗಸರು. ಶಿಫ್ಟು ಮುಗಿಸಿ ಬಂದವರು ಕೂತಲ್ಲೇ ತೂಕಡಿಸುತ್ತಾರೆ, ಅವರನ್ನು ಎಬ್ಬಿಸಲು ಮನಸ್ಸು ಬರುವುದಿಲ್ಲ. ಅಲ್ಲೇ ಹುಟ್ಟಿದ ಮಕ್ಕಳು ಕನ್ನಡ ಆಡುತ್ತವೆ, ಓದಲು ಬಾರದು. ಗೀತೆಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಗೋಡೆಯ ಮೇಲೆ ಬಿಡುತ್ತಾರೆ. ಮೊದಮೊದಲು ಇವರಿಗೆ ಅದನ್ನು ಓದಿ ಹಾಡುವುದೇ ಪೇಚಾಟವಾಯಿತಂತೆ. ಪಾಸ್‌ಪೋರ್ಟು ಮಾಲೀಕನ ಕೈಲಿ ಸಿಕ್ಕಿಕೊಂಡ ಒಬ್ಬಾಕೆ, ಊರಿನಲ್ಲಿ ತಾಯಿ ತೀರಿಕೊಂಡರೂ ರಜೆ ಸಿಗದ ಒಬ್ಬ ಹುಡುಗ, ಹೆಣವನ್ನು ವಿಮಾನದಲ್ಲಿ ಊರಿಗೆ ಕಳಿಸಲು ಬೇಕಾದ ಕಾಗದ ಪತ್ರ, ಅಯ್ಯನವರ ವಾರವೆಲ್ಲ ಇದರಲ್ಲೇ ಕಳೆಯುತ್ತಿತ್ತು.

“ನೀವು ವಾಪಸ್ ಬಂದ್ಮೇಲೆ ಅಲ್ಲಿ ಯಾರು ನೋಡ್ಕೋತಾರೆ?” ಎಂದೆ.

“ನಾನಿದ್ದಾಗ್ಲೂ ಅವನೇ ನೋಡ್ಕೋತಿದ್ದ. ಕುಣಿಗಲ್ ಕಡೆ ಹುಡುಗ, ಎಲೆಕ್ಟ್ರಿಷಿಯನ್. ಹದಿನಾರ್ ವರ್ಷದಿಂದ ಅಲ್ಲವ್ನೆ. ಯಾವ ಆಸ್ಪತ್ರೇಲಿ ಯಾವ ಕೌಂಟರ್‌ಗೆ ಹೋಗ್ಬೇಕು, ಎಂಬೆಸೀಲಿ ಯಾರನ್ನ ಕೇಳ್ಬೇಕು, ಎಲ್ಲ ಅವನಿಗೇ ಗೊತ್ತಿರೋದು. ನಂಗೂ ಅವನೇ ಹೇಳ್ಕೊಟ್ಟಿದ್ದು. ಈಗ ಅವನ ವೀಸಾ ಮುಗೀತಾ ಬಂತಂತೆ, ಕಂಪನಿಯವ್ರು ಮುಂದುವರಿಸ್ತಾರೋ ಇಲ್ವೋ ಗೊತ್ತಿಲ್ಲ. ನೆನ್ನೆ ಫೋನ್ ಮಾಡಿದ್ದ. ಬೇರೆ ಯಾರಿಗಾದ್ರೂ ಈಗ್ಲೇ ಕೆಲ್ಸ ಕಲಿಸು ಅಂದಿದ್ದೀನಿ. ಮಂಡ್ಯದ ಒಬ್ಳು ನರ್ಸಮ್ಮ ಇದಾಳೆ, ಅವಳಿಗೆ ಕಲಿಸ್ತಾ ಇದೀನಿ ಅಂದ.”